ಬಿಸಿಲು ಸಾಲು, ನೆರಳು ಸಾಲು, ನಡುವೆ ನನ್ನ ಕ್ಯಾಮೆರಾ

ಬಿಸಿಲನ್ನೂ ನೆರಳನ್ನೂ ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ ಫೋಟೋ ತೆಗೆಯುವವನು ಈ ಭೂಮಿಯ ಮೇಲೆ ನಾನೊಬ್ಬನೇ. ನಾನು ತೆಗೆದ ಹಳ್ಳಿಬೀದಿಯ ಚಿತ್ರವೊಂದು ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿ ನೇತಾಡುತ್ತಿದೆ. ಅದರ ಮುಂದೆ ನಿಂತವರು ಅರ್ಧ ಮುಖಕ್ಕೆ ಬೆವರು ಒರೆಸಿಕೊಂಡು ಇನ್ನರ್ಧಕ್ಕೆ ಶಾಲು ಹೊದ್ದುಕೊಳ್ಳುತ್ತಾರಂತೆ.

ಸುಳ್ಳು. ಅದು ನೇತಾಡುತ್ತಿರುವುದು ಶಿವಾಜಿನಗರದ ಒಂದು ಕ್ಷೌರದಂಗಡಿಯಲ್ಲಿ. ಅದೂ ಗೋಡೆ ಒದ್ದೆಯಾಗಿ ಸುಣ್ಣ ಉದುರಿದ ಜಾಗವನ್ನು ಮುಚ್ಚುವುದಕ್ಕೆ. ಅಂಗಡಿಯವನೇ ಹೇಳಿದ, ಇನ್ನೂ ಸ್ವಲ್ಪ ಅಗಲದ ಫೋಟೋ ಇದ್ದಿದ್ದರೆ ಪೂರ್ತಿ ಮುಚ್ಚುತ್ತಿತ್ತು ಅಂತ.

ನನ್ನ ಸ್ಟುಡಿಯೋ ಆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ವಾರವೆಲ್ಲ ಪಾಸ್‌ಪೋರ್ಟ್ ಫೋಟೋ, ಭಾನುವಾರ ಹಳೇ ಹಳ್ಳಿಗಳು. ಹಳೇ ಹಳ್ಳಿ ಅಂದರೆ ಬುತ್ತಿ ಕಟ್ಟಿಕೊಂಡು ಹೋಗುವಂಥದ್ದಲ್ಲ. ಹಲಸೂರು, ಲಿಂಗರಾಜಪುರ, ಕಗ್ಗದಾಸಪುರ ಎಲ್ಲ ಒಂದು ಕಾಲಕ್ಕೆ ಊರುಗಳೇ. ಸಿಟಿ ಬಂದು ಅವನ್ನು ನುಂಗಿತು, ಆದರೆ ಸರಿಯಾಗಿ ಅಗಿಯಲಿಲ್ಲ. ಮೇನ್ ರೋಡಿನ ಬೇಕರಿ, ಮೊಬೈಲ್ ಅಂಗಡಿ ದಾಟಿ ಸಂದಿಯೊಳಗೆ ನುಗ್ಗಿದರೆ ಇವತ್ತಿಗೂ ಜಗಲಿ, ಮಂಗಳೂರು ಹೆಂಚು, ಕಟ್ಟೆ, ಕಟ್ಟೆಯ ಮೇಲೆ ಕೂತು ಬಂದವರನ್ನೆಲ್ಲ ಯಾರ ಮನೆಯವರು ಅಂತ ಕೇಳುವ ಹಿರಿಯರು ಸಿಗುತ್ತಾರೆ.

ತೊಂದರೆ ಏನೆಂದರೆ, ಇಂಥ ಬೀದಿಯಲ್ಲಿ ಒಂದು ಪಕ್ಕ ಸುಡುಬಿಸಿಲು, ಇನ್ನೊಂದು ಪಕ್ಕ ಬಾವಿಯಂಥ ನೆರಳು. ನಮ್ಮ ಕಣ್ಣು ಎರಡನ್ನೂ ನೋಡಿಕೊಂಡು ಸಂಸಾರ ಮಾಡುತ್ತೆ. ಕ್ಯಾಮೆರಾ ಹಾಗಲ್ಲ, ಒಂದು ಕಡೆಗೆ ಒಲಿದರೆ ಇನ್ನೊಂದು ಕಡೆ ಗೋವಿಂದ. ಆ ಎರಡನ್ನು ರಾಜಿ ಮಾಡಿಸಲು ಹೋದವನಿಗೆ ಆಗಬಾರದ್ದೆಲ್ಲ ಆಗುತ್ತಲೇ ಇರುತ್ತೆ. ನನಗಂತೂ ವಾರಕ್ಕೊಂದರಂತೆ ಆಗಿದೆ. ಆಗದಿದ್ದ ವಾರ ನಾನೇ ಏನಾದರೂ ಮಾಡಿದ್ದೇನೆ.

ಇಡ್ಲಿ ಮುಚ್ಚಳ

ಭಾನುವಾರಗಳಲ್ಲಿ ನನ್ನ ಹಿಂದೆ ಒಂದು ಶಿಷ್ಯರ ಗುಂಪು ಬರುತ್ತೆ. ಎಲ್ಲರ ಕ್ಯಾಮೆರಾವೂ ನನ್ನದಕ್ಕಿಂತ ದೊಡ್ಡದು. ಅವರಲ್ಲಿ ಹುಬ್ಬಳ್ಳಿ ಕಡೆಯ ಮೇಡಂ ಒಬ್ಬರು. ಅವರಿಗೆ ಯಾವುದೋ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಅವರಿಗೆ ಸಂಬಳ. ಭಾನುವಾರ ಮಾತ್ರ ಆ ಸೇವೆ ನನಗೆ ಉಚಿತ.

ಹಲಸೂರಿನ ಒಂದು ಹಳೇ ಗಲ್ಲಿಯ ಜಗಲಿಯಲ್ಲಿ ತಮಿಳು ಪಾಟಿಯೊಬ್ಬರು ಕೂತಿದ್ದರು. ಮುಖದ ಮೇಲಿನ ಗೆರೆಗಳೇ ಒಂದು ಊರಿನ ಭೂಪಟ. ಆದರೆ ಅವರು ಕೂತಿದ್ದು ಕತ್ತಲಲ್ಲಿ, ಪಕ್ಕದ ಸುಣ್ಣದ ಗೋಡೆಗೆ ಮಾತ್ರ ರಣಬಿಸಿಲು. ಮೇಡಂ ತಮ್ಮ ಕ್ಯಾಮೆರಾ ನನ್ನ ಮೂಗಿಗೆ ಹಿಡಿದರು.

"ಸರ, ಗೋಡಿ ಬೆಳ್ಳಗ, ಉಳಿದದ್ದೆಲ್ಲಾ ಕರ್ರಗ. ಇದ್ರಾಗ ಅಜ್ಜಿ ಯಾರು, ಕಂಬ ಯಾವ್ದು?"

ಇಂಥ ಹೊತ್ತಿನಲ್ಲಿ ಬಿಸಿಲನ್ನು ಹಿಡಿದು ನೆರಳಿನ ಕಡೆಗೆ ತಿರುಗಿಸಬೇಕು, ಅದಕ್ಕೆ ರಿಫ್ಲೆಕ್ಟರ್ ಅನ್ನುತ್ತಾರೆ ಅಂತ ನಾನು ಗಂಭೀರವಾಗಿ ಪಾಠ ಮಾಡಿದೆ. ರಿಫ್ಲೆಕ್ಟರ್ ಎಲ್ಲಿ ಅಂದರು. ಸ್ಟುಡಿಯೋದಲ್ಲಿತ್ತು. ಗುರುವಾದವನು ಮರೆತೆ ಅನ್ನಬಾರದು, ಸ್ಥಳೀಯ ವಸ್ತುಗಳನ್ನೇ ಬಳಸಬೇಕು ಅಂದೆ. ಎದುರಿಗೇ ಇಡ್ಲಿ ಗಾಡಿ ಇತ್ತು. ಗಾಡಿಯವನ ಅಲ್ಯೂಮಿನಿಯಂ ಮುಚ್ಚಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡೇ ನಿಮಿಷ ಅಂತ ಕಾಡಿ ಬೇಡಿ ಅದನ್ನು ಎತ್ತಿಕೊಂಡು ಬಂದು ಬಿಸಿಲಿಗೆ ಹಿಡಿದೆ. ಬೆಳಕು ಹೋಗಿ ನೇರ ಪಾಟಿಯ ಮುಖದ ಮೇಲೆ ಕೂತಿತು. ಆಹಾ, ಭೂಪಟದಲ್ಲಿ ನದಿಗಳೆಲ್ಲ ಕಂಡವು. ಶಿಷ್ಯರು ಉಸಿರು ಬಿಗಿಹಿಡಿದು ಫೋಕಸ್ ಮಾಡತೊಡಗಿದರು.

ನಾನು ಮರೆತದ್ದು ಒಂದೇ. ಮುಚ್ಚಳ ತೆಗೆದ ಇಡ್ಲಿ ಪಾತ್ರೆ ಸುಮ್ಮನಿರುವುದಿಲ್ಲ. ಹಬೆ ಗಲ್ಲಿಯುದ್ದಕ್ಕೂ ಹಬ್ಬಿ, ಇಡ್ಲಿ ಇಳಿಯಿತು ಅಂತ ಮನೆಮನೆಯಿಂದ ಜನ ಪಾತ್ರೆ ಹಿಡಿದು ಓಡಿ ಬಂದರು. ಶಿಷ್ಯರು ಎಲ್ಲ ಸರಿಮಾಡಿಕೊಂಡು ಕ್ಲಿಕ್ ಅನ್ನಿಸುವಷ್ಟರಲ್ಲಿ ಜಗಲಿ ಖಾಲಿ. ಎಷ್ಟು ಚೆನ್ನಾಗಿ ಬೆಳಗಿದ ಖಾಲಿ ಜಗಲಿ ಗೊತ್ತೇ, ಅಂಥದ್ದು ಯಾರ ಹತ್ತಿರವೂ ಇಲ್ಲ. ಪಾಟಿ ಕ್ಯೂನಲ್ಲಿ ಎಲ್ಲರಿಗಿಂತ ಮುಂದೆ ನಿಂತು, ನನ್ನ ಕಡೆ ತಿರುಗಿ ಕೈ ಮಾಡಿದರು.

"ಲೈಟು ಹಾಗೇ ಹಿಡ್ಕೊಂಡಿರಪ್ಪಾ, ಚಟ್ನಿ ಹಾಕಿಸ್ಕೊಂಡು ಬಂದ್ಬಿಡ್ತೀನಿ."

ಬಾಡಿಗೆ ಮೋಡ

ರಿಫ್ಲೆಕ್ಟರ್ ಕೈಕೊಟ್ಟಮೇಲೆ ಮುಂದಿನ ಪಾಠ ಮೋಡದ್ದು. ತೆಳು ಮೋಡವೊಂದು ಸೂರ್ಯನಿಗೆ ಅಡ್ಡ ಬಂದರೆ ಬಿಸಿಲೂ ಮೆತ್ತಗಾಗುತ್ತೆ, ನೆರಳೂ ಮೆತ್ತಗಾಗುತ್ತೆ. ಹಳ್ಳಿಬೀದಿಗೆ ಅಂಥ ಬೆಳಕಿಗಿಂತ ಒಳ್ಳೆಯದಿಲ್ಲ. ಮುಂದಿನ ಭಾನುವಾರ ಲಿಂಗರಾಜಪುರದಲ್ಲಿ ನಾನು ಮೋಡ ಕರೆಸುತ್ತೇನೆ ಅಂತ ಶಿಷ್ಯರಿಗೆ ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟಿದ್ದು ನನ್ನ ಗೆಳೆಯ ಭಾಯ್‌ನನ್ನು ನಂಬಿಕೊಂಡು. ಸ್ಟುಡಿಯೋದಿಂದ ನಾಲ್ಕು ಹೆಜ್ಜೆಗೆ ಅವನ ಶಾಮಿಯಾನ, ಕುರ್ಚಿ, ಪಾತ್ರೆಗಳ ಬಾಡಿಗೆ ಅಂಗಡಿ. ಅವನೂ ನಾನೂ ಸ್ಕೂಲಿನಿಂದ ಒಟ್ಟಿಗೆ ಬೈಸಿಕೊಂಡವರು. ಎದುರುಬದುರು ಮಹಡಿಗಳ ಮೇಲಿಂದ ಬೀದಿಗೆ ಅಡ್ಡಲಾಗಿ ತೆಳುಬಟ್ಟೆ ಎಳೆದುಬಿಡು, ಮೋಡ ಆಗುತ್ತೆ ಅಂದೆ. "ನಕ್ಕೋ ರೇ, ಮಾರ್ ಖಾತೆ," ಒದೆ ತಿನ್ನುತ್ತೀವಿ ಬೇಡ ಕಣೋ, ಅಂದ. ಅಂದವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದ. ಆದರೆ ಬಿಳಿ ಬಟ್ಟೆಯೆಲ್ಲ ಯಾವುದೋ ಮದುವೆಗೆ ಹೋಗಿ, ಉಳಿದಿದ್ದು ಕೆಂಪು ಶಾಮಿಯಾನ ಒಂದೇ.

ನಾನು ಶಿಷ್ಯರ ಮುಂದೆ ಕಣ್ಣುಮುಚ್ಚಿ, ಕೈ ಮೇಲೆತ್ತಿ ಏನೋ ಮಣಮಣ ಅಂದೆ. ಮೇಲಿಂದ ಕೆಂಪು ಮೋಡ ಗಡಗಡ ಉರುಳಿ ಬಂತು. ಬೀದಿ ಪೂರ್ತಿ ಟೊಮೆಟೊ ಸಾರು. ಮೇಡಂ ಮಾತ್ರ ಮೇಲೆ ನೋಡಲೇ ಇಲ್ಲ. ಕ್ಯಾಮೆರಾ ನೋಡಿಕೊಂಡು, ಬೆಳಿಗ್ಗೆ ಹತ್ತು ಗಂಟೆಗೇ ಸಂಜೆ ಹ್ಯಾಂಗ ಆತ್ರೀ ಸರ ಅಂದರು.

ಹೋದ ಮಾನ ಹೋಯಿತು, ಒಂದು ಒಳ್ಳೆ ಫೋಟೋವಾದರೂ ಬರಲಿ ಅಂತ, ಹೆಂಚಿನ ಸೂರುಗಳೂ ಶಾಮಿಯಾನವೂ ಒಟ್ಟಿಗೆ ಸಿಗುವ ಹಾಗೆ ನಾನು ಬೀದಿಯ ನಡುವೆ ಅಂಗಾತ ಮಲಗಿದೆ. ಕ್ಯಾಮೆರಾ ಎದೆಯ ಮೇಲೆ, ಕಣ್ಣು ಅರ್ಧ ಮುಚ್ಚಿ ಬೆಳಕು ಅಳೆಯುತ್ತಿದ್ದೆ. ಶಿಷ್ಯರು ಸುತ್ತ ತಲೆತಗ್ಗಿಸಿ ತಮ್ಮ ತಮ್ಮ ಕ್ಯಾಮೆರಾ ನೋಡಿಕೊಂಡು ಮೌನವಾಗಿ ನಿಂತಿದ್ದರು. ಈಗ ನೀವೇ ಯೋಚನೆ ಮಾಡಿ, ಬೀದಿಗೆ ಅಡ್ಡ ಶಾಮಿಯಾನ, ಕೆಳಗೆ ಒಬ್ಬ ಅಂಗಾತ, ಸುತ್ತ ತಲೆತಗ್ಗಿಸಿದ ಜನ. ಬೆಂಗಳೂರಿನಲ್ಲಿ ಇದಕ್ಕೆ ಎಷ್ಟು ಅರ್ಥ ಉಂಟು?

ಪಕ್ಕದ ಮನೆಯಿಂದ ಹಿರಿಯರೊಬ್ಬರು ಬಂದು, ಚಪ್ಪಲಿ ದೂರದಲ್ಲೇ ಬಿಟ್ಟು, ಕೈಮುಗಿದು ನನ್ನ ಕಾಲಬುಡದಲ್ಲಿ ನಿಂತರು. ಮೇಡಂ ಕಡೆ ತಿರುಗಿ ಮೆಲ್ಲಗೆ, "ಯಾವಾಗ ಹೋದ್ರಮ್ಮಾ?" ಅಂದರು.

ನಾನೇ ಉತ್ತರ ಕೊಟ್ಟೆ. "ಇನ್ನೂ ಹೋಗಿಲ್ಲ ಸ್ವಾಮಿ. ಲೈಟು ಸರಿಯಾದ ತಕ್ಷಣ ಹೋಗ್ತೀನಿ."

ಆ ಹಿರಿಯರಿಗೆ ನೀರು ಕುಡಿಸಿ ಕೂರಿಸಲು ಕೊನೆಗೆ ಭಾಯ್‌ನ ಕುರ್ಚಿಯೇ ಬೇಕಾಯಿತು.

ಮೂಗುಬೊಟ್ಟಿನ ಜಗಳ

ಇಷ್ಟೆಲ್ಲ ಕಂಡಮೇಲೂ ಮೇಡಂ ನನ್ನನ್ನು ಕಗ್ಗದಾಸಪುರಕ್ಕೆ ಶಿಫಾರಸು ಮಾಡಿದರು ಅಂದರೆ, ಅವರಿಗೆ ನನ್ನ ಮೇಲೆ ನಂಬಿಕೆ ಇತ್ತು. ಅಥವಾ ಆ ಊರಿನ ಮೇಲೆ ಸಿಟ್ಟಿತ್ತು.

ಅವರು ಬಾಡಿಗೆಗಿರುವುದು ಅಲ್ಲಿಯ ಹಳೇ ಊರಿನ ಮಗ್ಗುಲಲ್ಲಿ. ಮನೆ ಮಾಲೀಕರೇ ಊರ ಯಜಮಾನರು, ಹೊಸ ಸಮುದಾಯ ಭವನ ಕಟ್ಟಿಸಿದವರು. ಭವನದ ಗೋಡೆಗೆ ಊರಿನ ನಡುಬೀದಿಯ ದೊಡ್ಡ ಫೋಟೋ ಬೇಕು, ಎರಡೂ ಸಾಲಿನ ಮನೆಯವರು ತಂತಮ್ಮ ಜಗಲಿಯ ಮೇಲೆ ನಿಂತಿರಬೇಕು. ಇಷ್ಟೇನಾ ಅಂದೆ. ಯಜಮಾನರು ನಿಟ್ಟುಸಿರು ಬಿಟ್ಟು, ಹಿಂದೆ ಯಾರೋ ತೆಗೆದಿದ್ದ ಫೋಟೋ ತಂದು ತೋರಿಸಿದರು.

ಆ ಬೀದಿಯ ಒಂದು ಸಾಲಿಗೆ ಬೆಳಗಿನ ಬಿಸಿಲು ನೇರ ಬೀಳುತ್ತೆ. ಎದುರು ಸಾಲಿಗೆ ಸಂಜೆ ಬೀಳುತ್ತಿತ್ತು, ಆದರೆ ಪಡುವಣಕ್ಕೆ ಎತ್ತರದ ಪೀಜಿ ಕಟ್ಟಡ ಎದ್ದಮೇಲೆ ಆ ಬಿಸಿಲು ಪೀಜಿ ಹುಡುಗರ ಬಟ್ಟೆ ಒಣಗಿಸಲು ಹೋಯಿತು. ಹಾಗಾಗಿ ಊರಲ್ಲಿ ಒಂದಕ್ಕೆ ಬಿಸಿಲು ಸಾಲು, ಇನ್ನೊಂದಕ್ಕೆ ನೆರಳು ಸಾಲು ಅಂತಲೇ ಹೆಸರು. ಹಳೇ ಫೋಟೋದಲ್ಲಿ ಬಿಸಿಲು ಸಾಲಿನವರ ಅಂಗಿಯ ಗುಂಡಿಯೂ ಕಾಣುತ್ತಿತ್ತು. ನೆರಳು ಸಾಲಿನ ಕಡೆ ಬರೀ ಕತ್ತಲು, ಕತ್ತಲಲ್ಲಿ ಒಂದೇ ಒಂದು ಬಿಳಿ ಚುಕ್ಕೆ.

ಆ ಚುಕ್ಕೆ ನೆರಳು ಸಾಲಿನ ಅಜ್ಜಿಯ ಮೂಗುಬೊಟ್ಟು. ಫೋಟೋ ಬಂದ ದಿನ ಬಿಸಿಲು ಸಾಲಿನ ದೊಡ್ಡಪ್ಪ ಅನ್ನಿಸಿಕೊಂಡವರು ಅದನ್ನು ನೋಡಿ, ಆವತ್ತು ಆ ಕಡೆಯವರು ಯಾರೂ ಬಂದಿರಲಿಲ್ಲವೇ ಅಂತ ಕೇಳಿದರಂತೆ. ಅಲ್ಲಿಗೆ ಎಳ್ಳುಬೆಲ್ಲ ನಿಂತಿತು, ಒಬ್ಬಟ್ಟು ನಿಂತಿತು. ಸಾಂಬಾರಿಗೆ ಒಗ್ಗರಣೆ ಹಾಕಿದರೂ ಕಿಟಕಿ ಮುಚ್ಚಿ ಹಾಕತೊಡಗಿದರು.

ಈ ನಡುವೆ ಅಜ್ಜಿಯ ಮೊಮ್ಮಗಳೂ ದೊಡ್ಡಪ್ಪನ ತಮ್ಮನ ಮಗನೂ ಒಬ್ಬರನ್ನೊಬ್ಬರು ಮೆಚ್ಚಿಬಿಟ್ಟಿದ್ದರು. ಹುಡುಗಿ ಇಂದಿರಾನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಹುಡುಗ ಲಿಫ್ಟ್ ರಿಪೇರಿ ಮಾಡುತ್ತಾನೆ. ನೆರಳಲ್ಲಿ ಕೂತವರಿಗೆ ಬಿಸಿಲಲ್ಲಿರುವವರು ಚೆನ್ನಾಗಿ ಕಾಣುತ್ತಾರೆ, ಬಿಸಿಲಲ್ಲಿರುವವರಿಗೆ ನೆರಳಿನವರು ಕಾಣುವುದಿಲ್ಲ. ಹಾಗಾಗಿ ಅವಳು ಅವನನ್ನು ಮೊದಲೇ ನೋಡಿದ್ದಳು, ಅವನಿಗೆ ಸುದ್ದಿ ಮುಟ್ಟಿದ್ದು ತುಂಬ ತಡವಾಗಿ. ನಿಶ್ಚಿತಾರ್ಥ ಹೊಸ ಭವನದಲ್ಲೇ ಅಂತ ಯಜಮಾನರು ಎರಡೂ ಕಡೆ ಓಡಾಡಿ ಒಪ್ಪಿಸಿದ್ದರು. ಆದರೆ ಅಜ್ಜಿಯದು ಒಂದು ಷರತ್ತು. ಮೊದಲು ನಮ್ಮ ಸಾಲು ಕಾಣುವ ಫೋಟೋ ಗೋಡೆಗೆ ಬರಬೇಕು, ಆಮೇಲೆ ತಾಂಬೂಲ. ದೊಡ್ಡಪ್ಪನದು ಇನ್ನೊಂದು. ನಮ್ಮ ಸಾಲಿನ ಹೊಳಪು ಕೂದಲೆಳೆಯಷ್ಟೂ ಕಮ್ಮಿಯಾಗಬಾರದು.

ನನ್ನನ್ನು ಅಜ್ಜಿಯ ಮುಂದೆ ನಿಲ್ಲಿಸಿ, ಇವರೇ ಫೋಟೋ ತೆಗೆಯೋರು ಅಂದರು ಯಜಮಾನರು. ಅಜ್ಜಿ ಹಳೇ ಫೋಟೋದ ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು.

"ಇದು ನಾನು. ಈ ಸಲ ಮೂಗಿನ ಸುತ್ತ ಮುಖಾನೂ ಬರ್ಬೇಕು."

ಮಧ್ಯಾಹ್ನದ ಮೀಸೆ

ಬೆಳಿಗ್ಗೆ ಒಂದು ಸಾಲಿಗೆ ಬಿಸಿಲು, ಸಂಜೆ ಯಾರಿಗೂ ಇಲ್ಲ. ಹಾಗಾದರೆ ಸೂರ್ಯ ನೆತ್ತಿಯ ಮೇಲಿದ್ದಾಗ ತೆಗೆದರೆ ಎರಡೂ ಸಾಲಿಗೆ ಸಮಪಾಲು. ಪಂಚಾಯಿತಿ ತೀರ್ಪಿನ ಹಾಗೆ ಇದನ್ನು ಘೋಷಿಸಿದೆ. ಯಜಮಾನರು ತಲೆದೂಗಿದರು. ಒಂದು ಪರೀಕ್ಷೆ ಫೋಟೋ ತೆಗೆಯೋಣ ಅಂತ ಎರಡೂ ಸಾಲಿನವರನ್ನು ಮಟಮಟ ಮಧ್ಯಾಹ್ನ ಬೀದಿಗೆ ಇಳಿಸಿದೆ. ಕಾಲು ಸುಟ್ಟು ಎಲ್ಲರೂ ಕುಣಿಯುತ್ತಲೇ ನಿಂತರು.

ಸಮಪಾಲು ಬಂತು, ಇಲ್ಲ ಅನ್ನುವುದಿಲ್ಲ. ಆದರೆ ನೆತ್ತಿಯ ಬಿಸಿಲಿಗೆ ಒಂದು ಕೆಟ್ಟ ಚಾಳಿ ಇದೆ. ಹುಬ್ಬಿನ ನೆರಳು ಕಣ್ಣಿಗೆ ಬಿದ್ದು ಕಣ್ಣು ಗುಂಡಿಯಾಗುತ್ತೆ, ಮೂಗಿನ ನೆರಳು ತುಟಿಯ ಮೇಲೆ ಬಿದ್ದು ಮೀಸೆಯಾಗುತ್ತೆ. ಸ್ಟುಡಿಯೋದಲ್ಲಿ ನೋಡಿದರೆ ಎರಡೂ ಸಾಲಿನ ಹೆಂಗಸರು, ಮಕ್ಕಳು, ತೊಡೆಯ ಮೇಲಿನ ಕೂಸು, ಎಲ್ಲರಿಗೂ ಪೊಗದಸ್ತಾದ ಮೀಸೆ. ಮೀಸೆಯೇ ಇದ್ದವರಿಗೆ ಎರಡೆರಡು.

ಭಾಯ್ ಮೀಸೆಗಳನ್ನು ನೋಡಿ, ಇದನ್ನು ಪೊಲೀಸ್ ಭರ್ತಿಗೆ ಕಳಿಸು ಅಂದ. ನಾನು ಧೈರ್ಯ ಮಾಡಿ ಅಜ್ಜಿಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು. ಗೋಡೆಯ ಮೇಲಿದ್ದ ತಮ್ಮ ಗಂಡನ ಫೋಟೋ ನೋಡಿದರು. ಮತ್ತೆ ಇದನ್ನು ನೋಡಿದರು.

"ನಮ್ಮ ಮನೆಯವ್ರು ಜೀವ ಇರೋವರ್ಗೂ ಬೆಳೆಸೋಕೆ ನೋಡಿದ್ರು," ಅಂದರು, "ಇಷ್ಟು ಚೆನ್ನಾಗಿ ಬರ್ಲೇ ಇಲ್ಲ."

ಇಬ್ಬರು ಯಜಮಾನರು

ಆಗ ಮೇಡಂ ಕಂಪ್ಯೂಟರ್ ಉಪಾಯ ಹೇಳಿಕೊಟ್ಟರು. ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು, ಬೆಳಿಗ್ಗೆ ಹೊತ್ತು ಬಿಸಿಲು ಸಾಲಿಗೆ ಹೊಂದುವ ಹಾಗೆ ಒಂದು, ನೆರಳು ಸಾಲಿಗೆ ಹೊಂದುವ ಹಾಗೆ ಇನ್ನೊಂದು ತೆಗೆಯುವುದು. ಆಮೇಲೆ ಎರಡರ ಒಳ್ಳೆಯ ಅರ್ಧಗಳನ್ನು ಜೋಡಿಸುವುದು. ಎರಡು ಕ್ಲಿಕ್ಕಿನ ನಡುವೆ ಯಾರೂ ಅಲ್ಲಾಡಬಾರದು, ಅಷ್ಟೇ.

ಯಾರೂ ಅಲ್ಲಾಡಲಿಲ್ಲ. ಯಜಮಾನರೊಬ್ಬರನ್ನು ಬಿಟ್ಟು. ಮೊದಲ ಕ್ಲಿಕ್ಕಿನ ಹೊತ್ತಿಗೆ ಅವರು ಬಿಸಿಲು ಸಾಲಿನಲ್ಲಿ ದೊಡ್ಡಪ್ಪನ ಹೆಗಲ ಮೇಲೆ ಕೈಹಾಕಿ ನಿಂತಿದ್ದರು. ಕ್ಲಿಕ್ ಅಂದ ಕೂಡಲೇ, ಈ ಕಡೆಯವರು ಬೇಜಾರು ಮಾಡಿಕೊಂಡಾರು ಅಂತ ಬೀದಿ ದಾಟಿ ಅಜ್ಜಿಯ ಪಕ್ಕ ಬಂದು ಕೈಕಟ್ಟಿ ನಿಂತರು. ಜೋಡಿಸಿದ ಫೋಟೋದಲ್ಲಿ ಯಜಮಾನರು ಆ ಕಡೆಯೂ ಇದ್ದರು, ಈ ಕಡೆಯೂ ಇದ್ದರು. ಎರಡು ಕಡೆಯೂ ಅದೇ ನಗು.

ಈಗ ಎರಡು ಸಾಲಿನವರೂ ಯಜಮಾನರು ನಮ್ಮವರು, ಆ ಕಡೆ ಇರುವುದು ಡೂಪ್ಲಿಕೇಟ್ ಅಂತ ಶುರುಮಾಡಿದರು. ಒಂದನ್ನು ಅಳಿಸಿಬಿಡುತ್ತೇನೆ ಅಂದೆ. ಯಾವುದನ್ನು ಅಂದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು. ಯಜಮಾನರು ಮಾತ್ರ ಆ ಫೋಟೋವನ್ನು ಬಲವಂತ ಮಾಡಿ ಮನೆಗೆ ತೆಗೆದುಕೊಂಡು ಹೋದರು.

"ಎರಡೂ ಕಡೆ ಇರೋ ಮನುಷ್ಯ ಅಂತ ನನ್ನ ಹೆಂಡ್ತಿ ದಿನಾ ಬೈತಾಳೆ. ಪಾಪ, ಅವಳ ಮಾತಿಗೂ ಒಂದು ಸಾಕ್ಷಿ ಇರ್ಲಿ."

ಬೆಡ್‌ಶೀಟು

ನಿಶ್ಚಿತಾರ್ಥಕ್ಕೆ ಇನ್ನೊಂದೇ ವಾರ ಇತ್ತು. ಹುಡುಗಿ ಕೆಲಸಕ್ಕೆ ಹೋಗುವ ದಾರಿ ಬಿಟ್ಟು ಶಿವಾಜಿನಗರಕ್ಕೆ ಬಂದು ಸ್ಟುಡಿಯೋ ಮೆಟ್ಟಿಲು ಹತ್ತಿದಳು. ನಾನು ಏನೋ ತಮಾಷೆ ಶುರುಮಾಡಿದೆ. ಅವಳು ನಗಲಿಲ್ಲ.

"ಅಂಕಲ್, ನಿಮ್ಮ ಶಾಮಿಯಾನ ಕಥೆ ಎಲ್ಲಾ ಮೇಡಂ ಹೇಳಿದಾರೆ. ಈ ಒಂದ್ಸಲ ಬೇಡ. ಅಜ್ಜಿ ಒಪ್ಪಲಿಲ್ಲ ಅಂದ್ರೆ ನಾನು ಓಡ್ಹೋಗೋಳಲ್ಲ. ಸುಮ್ನೆ ಎದುರುಮನೆ ಬಾಗ್ಲು ನೋಡ್ಕೊಂಡು ಅಲ್ಲೇ ಮುದುಕಿ ಆಗ್ತೀನಿ."

ಅಷ್ಟು ಹೇಳಿ ಇಳಿದು ಹೋದಳು. ಭಾಯ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ. ಅವನಿಗೆ ಮೂರು ಹೆಣ್ಣುಮಕ್ಕಳು. "ಮಿಯಾ, ಯೇ ಮಜಾಕ್ ನೈ," ಇದು ತಮಾಷೆಯಲ್ಲ, ಅಂದ.

ನಾನು ಯೋಚನೆ ಮಾಡಿದೆ. ಇಡ್ಲಿ ಮುಚ್ಚಳದ ವಿದ್ಯೆ ಸುಳ್ಳಲ್ಲ. ಬಿಸಿಲು ಸಾಲಿನವರು ತಮ್ಮ ಜಗಲಿಯ ಮೇಲೆ ಒಬ್ಬೊಬ್ಬರೂ ಬಿಳಿ ಬೆಡ್‌ಶೀಟು ಹಿಡಿದು ನಿಂತರೆ ಅಲ್ಲಿ ಬಿದ್ದ ಬಿಸಿಲೆಲ್ಲ ಎಗರಿ ಎದುರು ಸಾಲಿಗೆ ಬೀಳುತ್ತೆ. ಆದರೆ ನೆರಳು ಸಾಲಿಗೆ ಬೆಳಕು ಕೊಡಲು ನೀವು ಶೀಟು ಹಿಡಿಯಿರಿ ಅಂದರೆ ದೊಡ್ಡಪ್ಪ ನನ್ನನ್ನೇ ಶೀಟಿನಲ್ಲಿ ಸುತ್ತಿ ಕಳಿಸುತ್ತಿದ್ದರು. ಅದಕ್ಕೆ ಬೇರೆ ಥರ ಹೇಳಿದೆ. ನಿಮ್ಮ ಸಾಲಿನ ಹೊಳಪು ವಿಪರೀತ ಸ್ವಾಮಿ, ಕ್ಯಾಮೆರಾ ತಡೆದುಕೊಳ್ಳುತ್ತಿಲ್ಲ, ಸೊಂಟದ ಮಟ್ಟಕ್ಕೆ ಒಂದೊಂದು ಬಿಳಿ ಶೀಟು ಹಿಡಿದರೆ ಹೊಳಪು ಹದಕ್ಕೆ ಬರುತ್ತೆ. ದೊಡ್ಡಪ್ಪನ ಎದೆ ಒಂದಿಂಚು ಮುಂದೆ ಬಂತು. ಮನೆಯಲ್ಲಿರುವುದರಲ್ಲೇ ಅಗಲವಾದ ಶೀಟು ತರಿಸುತ್ತೇನೆ ಅಂದರು.

ಭಾನುವಾರ ಬೆಳಿಗ್ಗೆ ಬೀದಿಯ ತುದಿಯಲ್ಲಿ ಸ್ಟೂಲಿನ ಮೇಲೆ ನಾನು, ಬೀದಿಯ ನಡುವೆ ಭಾಯ್. ಯಜಮಾನರನ್ನು ಒಂದು ಕುರ್ಚಿಗೆ ಕೂರಿಸಿ ಸರಿಯಾಗಿ ಮಧ್ಯಕ್ಕೆ ಇಟ್ಟಿದ್ದೆವು. ಶೀಟುಗಳು ಬಿಚ್ಚಿಕೊಂಡವು. ನಂಬಿದರೆ ನಂಬಿ, ನೆರಳು ಸಾಲು ಒಳಗಿನಿಂದ ದೀಪ ಹಚ್ಚಿದ ಹಾಗೆ ಎದ್ದು ಬಂತು. ಅಜ್ಜಿಯ ಮುಖ, ಮುಖದ ನಡುವೆ ಮೂಗುಬೊಟ್ಟು. ಇನ್ನೂ ಸ್ವಲ್ಪ ಬೆಳಕು ಬೇಕು ಅಂದೆ. ಭಾಯ್ ಶೀಟಿನವರಿಗೆ "ಮೇಲೆ, ಮೇಲೆ" ಅಂತ ಕೂಗಿದ. ಇನ್ನೂ ಅಂದೆ. ಇನ್ನೂ ಮೇಲೆ ಅಂದ. ನನ್ನ ಕಣ್ಣೆಲ್ಲ ನೆರಳು ಸಾಲಿನ ಮೇಲೆ. ಬಿಸಿಲು ಸಾಲಿನ ಚಿಂತೆ ಯಾಕೆ, ಅದು ಹೇಗಿದ್ದರೂ ಚೆನ್ನಾಗಿ ಬರುವುದೇ. ಕ್ಯಾಮೆರಾದ ಹಿಂದಿನ ಪರದೆ ಬಿಸಿಲಿಗೆ ಏನೂ ಕಾಣುತ್ತಿರಲಿಲ್ಲ. ಕ್ಲಿಕ್ ಮಾಡಿದೆ, ಚಪ್ಪಾಳೆ ತಟ್ಟಿಸಿದೆ, ಎಲ್ಲರನ್ನೂ ಮನೆಗೆ ಕಳಿಸಿದೆ.

ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿದಾಗ ಭಾಯ್ ಮೊದಲು ನೋಡಿದ್ದು. ಅವನು ಕುರ್ಚಿ ಎಳೆದುಕೊಂಡು ಕೂತ. ನೆರಳು ಸಾಲು ಅಪ್ಪಟ ಚಿನ್ನ. ಬಿಸಿಲು ಸಾಲಿನಲ್ಲಿ ಮನುಷ್ಯರೇ ಇಲ್ಲ. ಸಾಲಾಗಿ ಬೆಡ್‌ಶೀಟು, ಕೆಳಗೆ ಪಾದ, ಮೇಲಂಚಿನಲ್ಲಿ ಬೆರಳು.

ಮತ್ತೆ ತೆಗೆಯೋಣವೆಂದರೆ ಈ ಎರಡು ಸಾಲನ್ನು ಒಂದು ಬೆಳಿಗ್ಗೆ ಕೂಡಿಸಿದ್ದೇ ದೊಡ್ಡ ಸಾಹಸ, ಇನ್ನೊಮ್ಮೆ ಕರೆದರೆ ಬರುವವರಲ್ಲ. ಮಧ್ಯಾಹ್ನದ ಫೋಟೋದಿಂದ ಮುಖ ಕತ್ತರಿಸಿ ಅಂಟಿಸೋಣವೆಂದರೆ ಎಲ್ಲರಿಗೂ ಮೀಸೆ. ಜೋಡಿಸಿದ ಫೋಟೋದಿಂದ ತೆಗೆಯೋಣವೆಂದರೆ ಯಜಮಾನರು ಮತ್ತೆ ಇಬ್ಬರಾಗುತ್ತಾರೆ. ಫ್ರೇಮಿಗೆ ಪರದೆ ಕಟ್ಟಿ ಭವನಕ್ಕೆ ಸಾಗಿಸಿದೆವು. ಭಾಯ್ ಹಿಂಬಾಗಿಲ ಹತ್ತಿರ ಗಾಡಿ ಸ್ಟಾರ್ಟ್ ಮಾಡಿಯೇ ಇಟ್ಟಿದ್ದ.

ತಾಂಬೂಲದ ತಟ್ಟೆ ಸಿದ್ಧವಾಗಿತ್ತು. ಯಜಮಾನರು ಪರದೆ ಎಳೆದರು. ದೊಡ್ಡಪ್ಪ ಎದ್ದು ಹತ್ತಿರ ಹೋಗಿ ಶೀಟುಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು.

"ನಾನೆಲ್ಲಿ?"

ಹುಡುಗಿ ನನ್ನ ಕಡೆ ನೋಡಿದಳು. ನನ್ನ ಜೀವಮಾನದಲ್ಲಿ ಸುಳ್ಳು ಬಾಯಿಗೆ ಬಾರದೆ ಹೋದದ್ದು ಅದೊಂದೇ ಸಲ.

ಅಷ್ಟರಲ್ಲಿ ಅಜ್ಜಿ ಎದ್ದರು. ಮೊಮ್ಮಗಳು ಮಾಡಿಸಿಕೊಟ್ಟ ಹೊಸ ಕನ್ನಡಕ ಏರಿಸಿ ಫೋಟೋದ ಮುಂದೆ ನಿಂತರು. ತಮ್ಮ ಮುಖ ನೋಡಿದರು, ಪಕ್ಕದ ಮನೆಯವರ ಮುಖ ನೋಡಿದರು, ಒಂದೊಂದೇ ಮುಖಕ್ಕೆ ಹೆಸರು ಹೇಳಿಕೊಂಡು ಹೋದರು. ಆಮೇಲೆ ನನ್ನನ್ನು ಕೇಳಿದರು, ನಮ್ಮ ಸಾಲಿಗೆ ಇಷ್ಟೊಂದು ಬೆಳಕು ಎಲ್ಲಿಂದ ಬಂತು ಅಂತ. ಎದುರು ಸಾಲಿನವರು ಶೀಟು ಹಿಡಿದಿದ್ದರಿಂದ ಬಂತು ಅಂದೆ. ವಿಚಿತ್ರ ನೋಡಿ, ಅದು ನಿಜವಾಗಿತ್ತು.

ಅಜ್ಜಿ ದೊಡ್ಡಪ್ಪನ ಕಡೆ ತಿರುಗಿದರು. ಎಳ್ಳುಬೆಲ್ಲ ನಿಂತಮೇಲೆ ಅವರಿಬ್ಬರ ನಡುವೆ ಅದೇ ಮೊದಲ ಮಾತು.

"ನೀವು ಮುಖ ಮುಚ್ಕೊಂಡು ನಮ್ಗೆ ಬೆಳಕು ಕೊಟ್ರಾ?"

ದೊಡ್ಡಪ್ಪ ನನ್ನನ್ನು ನೋಡಿದರು. ಶೀಟು ಯಾಕೆ ಹಿಡಿಸಿದ್ದೆ ಅನ್ನುವುದು ಆ ಕ್ಷಣದಲ್ಲಿ ಅವರಿಗೆ ಪೂರ್ತಿ ಅರ್ಥವಾಯಿತು. ಅಜ್ಜಿಯನ್ನು ನೋಡಿದರು, ತಾಂಬೂಲದ ತಟ್ಟೆ ನೋಡಿದರು, ತಮ್ಮನ ಮಗನ ಮುಖ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಮತ್ತೇನಮ್ಮ. ಬೀಗರಾಗೋರು. ಮನೇಲಿರೋ ಒಳ್ಳೇ ಶೀಟೇ ತಂದಿದ್ದೆ."

ಇಷ್ಟು ಸಲೀಸಾಗಿ ಸುಳ್ಳು ಹೇಳುವ ಇನ್ನೊಬ್ಬನನ್ನು ನಾನು ನೋಡಿಲ್ಲ, ಮನಸ್ಸಿನಲ್ಲೇ ಅಡ್ಡಬಿದ್ದೆ. ಯಜಮಾನರು ಬೇಕಾದರೆ ಇನ್ನೊಂದು ಫೋಟೋ ತೆಗೆಸೋಣ ಅಂದರು. ಎರಡೂ ಸಾಲಿನವರು ಒಟ್ಟಿಗೇ ಬೇಡ ಅಂದರು. ಮುಖ ನಮ್ಮದು ಅಂತ ಇವರಿಗೆ ಹೆಮ್ಮೆ, ಬೆಳಕು ನಮ್ಮದು ಅಂತ ಅವರಿಗೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಫೋಟೋದಲ್ಲಿ ಬೆಳಕು ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ಚೆನ್ನಾಗಿತ್ತು. ಅಜ್ಜಿ ಬೀಗರ ಶೀಟನ್ನು ಮೆಚ್ಚಿಕೊಳ್ಳಲು ಕನ್ನಡಕ ಸರಿಮಾಡಿ ಬಗ್ಗಿದರು. ಪಕ್ಕದಲ್ಲಿದ್ದ ನಾನೂ ಬಗ್ಗಿದೆ. ಎಲ್ಲಕ್ಕಿಂತ ಅಗಲವಾದ ದೊಡ್ಡಪ್ಪನ ಶೀಟಿನ ಮೂಲೆಯಲ್ಲಿ ನೀಲಿ ಮೊಹರು, ಅಕ್ಷರ ಅಕ್ಷರವೂ ಸ್ಪಷ್ಟ. ಯಾವುದೋ ಯಾತ್ರಾಸ್ಥಳದ ವಸತಿಗೃಹದ ಹೆಸರು. ಅದರ ಕೆಳಗೆ, ಹೊರಗೆ ಒಯ್ಯಬಾರದು.

ಅಜ್ಜಿ ಅದನ್ನು ಓದಿದರು. ದೊಡ್ಡಪ್ಪನೂ ಅವರ ಭುಜದ ಮೇಲಿಂದ ಓದಿದರು. ಊರ ಮುಂದೆ ಇವರ ಮಾನ ತೆಗೆಯಲು ಅಜ್ಜಿಗೆ ಒಂದೇ ಮಾತು ಸಾಕಿತ್ತು, ಮೂಗುಬೊಟ್ಟಿನ ಲೆಕ್ಕ ಅಲ್ಲಿಗೆ ಚುಕ್ತಾ. ಹುಡುಗಿ ಸೆರಗು ಹಿಂಡುತ್ತ ನಿಂತಿದ್ದಳು. ಅಜ್ಜಿ ನಿಧಾನವಾಗಿ ತಟ್ಟೆಯಿಂದ ಕುಂಕುಮ ತೆಗೆದುಕೊಂಡು, ಗಾಜಿನ ಮೇಲೆ ಸರಿಯಾಗಿ ಆ ಮೊಹರು ಮುಚ್ಚುವ ಹಾಗೆ ದೊಡ್ಡದೊಂದು ಬೊಟ್ಟಿಟ್ಟರು. ಕೈಮುಗಿದರು. ಊರೆಲ್ಲ ಕೈಮುಗಿಯಿತು.

ತಾಂಬೂಲ ಆಯಿತು, ಮದುವೆಯೂ ಆಯಿತು. ಫೋಟೋ ಈಗಲೂ ಅಲ್ಲೇ ಇದೆ, ಬೇಕಾದರೆ ಹೋಗಿ ನೋಡಿ. ಭವನ ಗುಡಿಸುವಾಕೆ ಗುರುವಾರ ಗಾಜು ಒರೆಸುತ್ತಾಳೆ. ಶುಕ್ರವಾರ ಬೆಳಗಾಗುವುದಕ್ಕೆ ಮುಂಚೆ ದೊಡ್ಡಪ್ಪ ಸ್ನಾನ ಮಾಡಿ ಓಡಿಬಂದು ಅದೇ ಜಾಗಕ್ಕೆ ಕುಂಕುಮ ಇಡುತ್ತಾರೆ. ಬೀಗರು ಇಟ್ಟ ಬೊಟ್ಟಿನ ಮೇಲೆ ಎಂಥ ಭಕ್ತಿ ನೋಡಿ ಅಂತ ಇಡೀ ಕಗ್ಗದಾಸಪುರ ಕೊಂಡಾಡುತ್ತೆ.

ಇದರಲ್ಲಿ ಎಷ್ಟು ನಿಜ ಅಂತ ಕೇಳಬೇಡಿ. ಭಾಯ್‌ನನ್ನು ಕೇಳಿದರೆ, ಗಾಡಿ ಸ್ಟಾರ್ಟ್ ಮಾಡಿದ್ದೇ ಸುಳ್ಳು ಅನ್ನುತ್ತಾನೆ. ಅರೆ, ಟೀ ಮುಗಿದೇ ಹೋಯಿತಲ್ಲ. ನೋಡಿ, ಇಲ್ಲಿ ನಾನು ಕೂತಿರುವುದು ಗೋಡೆಯ ನೆರಳಿನಲ್ಲಿ, ನೀವು ಕೂತಿರುವುದು ಬಿಸಿಲಿನಲ್ಲಿ. ಬಿಸಿಲು ಸಾಲಿನವರ ಧರ್ಮ ಏನು ಅಂತ ಇಷ್ಟು ಹೊತ್ತು ಹೇಳಿದೆ. ಸ್ವಲ್ಪ ಹಾಗೆ ಎದ್ದು, ನನ್ನ ಟೀ ದುಡ್ಡೂ ಕೊಟ್ಟುಬಿಡಿ.